ದೇವರ ಪೆಟ್ಟಿಗೆಯ ಬೆಳ್ಳುಳ್ಳಿ

ಪ್ಲೇಗು ಬಂದ ವರ್ಷ ಹಾಲಗುಂದಿ ಊರು ಖಾಲಿಯಾಗಿ, ಜನರೆಲ್ಲ ಕೆರೆಯಾಚೆಯ ಬಯಲಿನಲ್ಲಿ ಬಿದಿರುತಟ್ಟಿಯ ಶೆಡ್ಡುಗಳನ್ನು ಹಾಕಿಕೊಂಡಿದ್ದರು. ಆ ಬಯಲಿನ ಅಂಚಿನಲ್ಲಿದ್ದ ಹುಣಸೆಮರದ ಬುಡದಲ್ಲಿ ಶ್ರೀ ವಾಮನಾವಧೂತರು ಬಂದು ನೆಲೆಸಿದ್ದರು. ಅವರ ಬಳಿ ಇದ್ದದ್ದು ಒಂದು ಕಂಬಳಿ, ಒಂದು ಜೋಳಿಗೆ, ಒಂದು ಹಿತ್ತಾಳೆಯ ತಪ್ಪಲೆ. ಒಲೆಗೆ ಬೇಕಾದ ಮೂರು ಕಲ್ಲುಗಳನ್ನು ಅಲ್ಲಿಯೇ ಹುಡುಕಿಕೊಂಡಿದ್ದರು. ಶ್ರೀಗಳು ಸ್ವಯಂಪಾಕಿಗಳು. ತಮ್ಮ ಅಡಿಗೆಯನ್ನು ತಾವೇ ಮಾಡಿಕೊಂಡು ಉಣ್ಣುವವರು. ಬೇರೆಯವರ ಕೈಯಿಂದ ಒಂದು ತುತ್ತನ್ನೂ ಸ್ವೀಕರಿಸಿದವರಲ್ಲ.

ಈ ನಿಯಮದ ಒಳಗುಟ್ಟನ್ನು ಭಕ್ತರಿಗೆ ತಿಳಿಸಿಕೊಡಲು ಬಿಂದಾಚಾರ್ಯರಿದ್ದರು. ಮೂರು ಕಲ್ಲುಗಳೆಂದರೆ ಮೂರು ಗುಣಗಳು, ತಪ್ಪಲೆಯೆಂದರೆ ದೇಹ, ಅದರೊಳಗೆ ಕುದಿಯುವ ಅಕ್ಕಿಯೆಂದರೆ ಜೀವ ಎಂದು ಅವರು ದಿನವೂ ಸಂಜೆ ವಿವರಿಸುತ್ತಿದ್ದರು. ಗಂಜಿಯ ವಿಷಯದಲ್ಲಿ ಮಾತ್ರ ಅವರಿಗೆ ಇನ್ನೂ ಸ್ವಲ್ಪ ಸಂಶಯವಿತ್ತು. ಒಮ್ಮೆ ಶ್ರೀಗಳನ್ನೇ ಕೇಳಿದರು: ‘ಗುರುಗಳೇ, ತಾವು ಅಡಿಗೆ ಮಾಡಿಕೊಳ್ಳುವುದು ಯಾತಕ್ಕೆ?’

‘ಹಸಿವಾಗುತ್ತೆ’ ಎಂದರು ಶ್ರೀಗಳು.

ಈ ಉತ್ತರದ ಮೇಲೆ ಆಚಾರ್ಯರು ಒಂದು ವಾರ ಪ್ರವಚನ ಮಾಡಿದರು.

ಅದೇ ಬಯಲಿನಲ್ಲಿ ಅಮಲ್ದಾರರ ಕಚೇರಿಯ ಶಿರಸ್ತೇದಾರರಾದ ನರಹರಿರಾಯರ ಶೆಡ್ಡೂ ಇತ್ತು. ರಾಯರು ಸಾಧುಸಂತರನ್ನು ನಂಬುವವರಲ್ಲ. ಗಟ್ಟಿಮುಟ್ಟಾದ ಆಳುಗಳು ಕಾವಿ ಸುತ್ತಿಕೊಂಡು ಇತರರ ದುಡಿಮೆಯ ಅನ್ನ ಉಣ್ಣುತ್ತಾರೆಂಬುದು ಅವರ ಆಕ್ಷೇಪಣೆಯಾಗಿತ್ತು. ಅವರು ದೂರದೃಷ್ಟಿಯುಳ್ಳವರು. ಪಕ್ಕದ ತಾಲ್ಲೂಕಿನಲ್ಲಿ ಇಲಿ ಬಿದ್ದ ಸುದ್ದಿ ಬಂದೊಡನೆ ಅಕ್ಕಿ, ತೊಗರಿಬೇಳೆ, ಬೆಲ್ಲ, ಡಬ್ಬಿಗಟ್ಟಲೆ ತುಪ್ಪ, ಸೀಳಿದ ಸೌದೆ ಎಲ್ಲವನ್ನೂ ಸೇರಿಸಿಟ್ಟಿದ್ದರು. ಲೋಕವೇ ಮುಳುಗಿದರೂ ತಮ್ಮ ಮನೆ ಯಾರ ಮುಂದೆಯೂ ಕೈಚಾಚದೆ ಮಳೆಗಾಲ ದಾಟಬಲ್ಲದೆಂದು ಕಚೇರಿಯಲ್ಲಿ ಹೇಳಿಕೊಂಡಿದ್ದರು. ಆ ಮಾತು ನಿಜವೇ ಆಗಿತ್ತು. ಆದರೆ ಊರು ಬಿಡುವ ದಿನ ಅವರ ಅಡಿಗೆಯ ಶಾಮಣ್ಣ ಊರಿನ ಜೊತೆಗೆ ರಾಯರನ್ನೂ ಬಿಟ್ಟು ಹೋದನು. ಅಷ್ಟು ಸಾಮಗ್ರಿಯ ನಡುವೆ, ಅದನ್ನು ಬೇಯಿಸಲು ಬಲ್ಲವರು ಒಬ್ಬರೇ ಉಳಿದರು. ಅವರು ರಾಯರ ಹೆಂಡತಿ ತುಂಗಾಬಾಯಿ. ಅವರು ಬಾಣಂತಿ.

ಶೆಡ್ಡಿಗೆ ಬಂದ ಕೆಲವೇ ದಿನಗಳಲ್ಲಿ ಹೆರಿಗೆಯಾಗಿತ್ತು. ಹೆಣ್ಣುಮಗು. ಹತ್ತು ದಿನದ ಪುರುಡು ಕಳೆದಿದ್ದರೂ ಹಸಿ ಬಾಣಂತಿ ಎದ್ದು ಒಲೆಯ ಮುಂದೆ ಕೂರುವ ಸ್ಥಿತಿಯಲ್ಲಿರಲಿಲ್ಲ. ಅಕ್ಕಪಕ್ಕದ ಹೆಂಗಸರು ಸಾರು ಕಳಿಸಲು ಸಿದ್ಧರಿದ್ದರು. ಆದರೆ ಒಂದು ಶೆಡ್ಡಿನ ಅನ್ನ ಇನ್ನೊಂದು ಶೆಡ್ಡಿಗೆ ಹೋಗಕೂಡದೆಂದು ಸರ್ಕಾರದ ಪರವಾಗಿ ಡಂಗುರ ಸಾರಿಸಿದವರು ನರಹರಿರಾಯರೇ. ತಾವು ಸಾರಿಸಿದ್ದನ್ನು ತಾವೇ ಮೀರುವ ಅಧಿಕಾರಿ ಅವರಲ್ಲ. ಹೀಗಾಗಿ ತುಂಗಾಬಾಯಿ ನೀರಿನಲ್ಲಿ ನೆನೆಸಿದ ಅವಲಕ್ಕಿಯನ್ನು ತಿಂದುಕೊಂಡಿದ್ದರು.

‘ನಾನು ಇಲ್ಲಿಂದಲೇ ಹೇಳ್ತೀನಿ, ನೀವು ಮಾಡಿ’ ಎಂದು ಅವರು ಚಾಪೆಯ ಮರೆಯಿಂದ ಒಮ್ಮೆ ಹೇಳಿದ್ದರು.

‘ಒಲೆ ಇರೋದು ಬಯಲಲ್ಲಿ. ಇಡೀ ಊರು ನೋಡುತ್ತೆ’ ಎಂದಿದ್ದರು ರಾಯರು.

ಎದೆಯಲ್ಲಿ ಹಾಲು ನಿಂತುಹೋಯಿತು. ಮಗು ಬಾಯಿ ಹಾಕುತ್ತಿತ್ತು, ಬಿಡುತ್ತಿತ್ತು, ಅಳುತ್ತಿತ್ತು. ಆ ಅಳು ಬಯಲಿನ ಈ ಕೊನೆಯಿಂದ ಆ ಕೊನೆಯವರೆಗೂ ಕೇಳುತ್ತಿತ್ತು.

ಕಡೆಗೆ ಒಂದು ಮಧ್ಯಾಹ್ನ ರಾಯರು ರುಮಾಲು ಸುತ್ತಿಕೊಂಡು ಹುಣಸೆಮರದ ಕಡೆಗೆ ನಡೆದರು. ಶ್ರೀಗಳು ಒಲೆಯ ಮುಂದೆ ಕುಳಿತಿದ್ದರು.

‘ನನಗೆ ಇಂಥದರಲ್ಲಿ ನಂಬಿಕೆಯಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ’ ಎಂದರು ರಾಯರು.

‘ಆಗಲಿ’ ಎಂದರು ಶ್ರೀಗಳು.

ರಾಯರು ವಾದ ಎದುರಾಗುವುದೆಂದು ಸಿದ್ಧರಾಗಿ ಬಂದಿದ್ದರು. ತಡವರಿಸುತ್ತ ಮನೆಯ ಸ್ಥಿತಿಯನ್ನು ಹೇಳಿದರು. ಮಂತ್ರವೋ ಭಸ್ಮವೋ ಏನಾದರೂ ಇದ್ದರೆ ಕೊಡಬಹುದೆಂದರು.

‘ತಾಯಿ ಏನು ಉಣ್ಣುತ್ತಾಳೆ?’

‘ಅವಲಕ್ಕಿ. ನೆನೆಸಿದ್ದು.’

‘ಮತ್ತೆ?’

‘ಬಾಳೆಹಣ್ಣಿತ್ತು. ಮುಗಿಯಿತು.’

ಶ್ರೀಗಳು ರಾಯರ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಜೋಳಿಗೆಯೊಳಗೆ ಕೈಹಾಕಿ ಏನೇನೋ ತೆಗೆದು, ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ ಕೊಟ್ಟರು. ‘ಅವಳಿಗೆ. ಇವತ್ತೇ’ ಎಂದರು. ಅಷ್ಟರಲ್ಲಿ ತಪ್ಪಲೆ ಉಕ್ಕಿತು, ಅತ್ತ ತಿರುಗಿದರು.

ರಾಯರು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಬಿಂದಾಚಾರ್ಯರು ಹಿಂದಿನಿಂದ ಬಂದು ಹಿಡಿದರು.

‘ಏನು ಕೊಟ್ಟರು, ರಾಯರೇ?’

‘ಒಂದು ಗಂಟು.’

‘ಬಿಚ್ಚಿದಿರಾ?’

‘ಇಲ್ಲ.’

‘ಸದ್ಯ. ಬಿಚ್ಚಬೇಡಿ.’

‘ಅವಳಿಗೆ ಅಂದರು. ಇವತ್ತೇ ಅಂದರು.’

‘ಫಲ ಅವರಿಗೆ. ಪೂಜೆ ನಿಮ್ಮದು. ದೇವರ ಪೆಟ್ಟಿಗೆಯಲ್ಲಿಟ್ಟು ಆರತಿ ಮಾಡಿ, ತೀರ್ಥ ಕೊಡಿ. ಗುರುಗಳು ಕೈಯಾರೆ ಕೊಟ್ಟದ್ದನ್ನು ಯಾರಾದರೂ ಬಿಚ್ಚಿ ನೋಡುತ್ತಾರೆಯೇ?’

ನಂಬಿಕೆಯಲ್ಲಿ ಪಳಗಿದವರಿಗೆ ಅದನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರುತ್ತದೆ. ರಾಯರು ಅದೇ ದಿನ ಹೊಸದಾಗಿ ಹೊಕ್ಕವರು. ಆಚಾರ್ಯರು ಒಂದು ಆರತಿ ಹೇಳಿದ್ದರೆ ಇವರು ತ್ರಿಕಾಲವೂ ಮಾಡಿದರು. ಗಂಟಿಗೆ ಕುಂಕುಮವಿಟ್ಟರು, ತುಳಸಿ ಏರಿಸಿದರು. ಹೆಂಡತಿಗೆ ಉದ್ಧರಣೆಯಲ್ಲಿ ತೀರ್ಥ ಕೊಟ್ಟರು. ಜೊತೆಗೆ ಅವಲಕ್ಕಿ ಕೊಟ್ಟರು.

ಸಂಜೆ ಚಾಪೆಯ ಮರೆಯಿಂದ ತುಂಗಾಬಾಯಿ ಕೇಳಿದರು: ‘ಏನೂಂದ್ರೆ, ದೇವರ ಪೆಟ್ಟಿಗೆಯಿಂದ ಬೆಳ್ಳುಳ್ಳಿ ವಾಸನೆ ಬರ್ತಿದೆಯಲ್ಲ.’

‘ವಾಸನೆ ಅನ್ನಬೇಡ.’

‘ಮತ್ತೇನನ್ನಲಿ?’

ರಾಯರು ಯೋಚಿಸಿದರು. ‘ಗುರುಗಳು ಕೊಟ್ಟದ್ದು’ ಎಂದರು.

‘ಏನಂತ ಕೊಟ್ಟರು?’

‘ನಿನಗೆ ಅಂತ.’

‘ನನಗೆ ಅಂತ ಕೊಟ್ಟಿದ್ದರೆ ನನಗೆ ಕೊಡಿ.’

‘ಅದರ ಅರ್ಥ ಹಾಗಲ್ಲ.’

‘ಮತ್ತೆ ಹೇಗೆ?’

‘ಬಿಂದಾಚಾರ್ಯರನ್ನು ಕೇಳಬೇಕು’ ಎಂದರು ರಾಯರು. ಈ ಗಂಟಿನ ವಿಷಯದಲ್ಲಿ ತಮಗೆ ಏನೂ ತಿಳಿದಿಲ್ಲವೆಂಬುದು ಮಾತ್ರ ಆ ಹೊತ್ತಿಗೆ ಅವರಿಗೆ ತಿಳಿಯತೊಡಗಿತ್ತು. ಆದರೂ ಬಿಚ್ಚಲು ಧೈರ್ಯ ಬರಲಿಲ್ಲ.

ಮರುದಿನ ಬೆಳಗಿನ ಹೊತ್ತಿಗೆ ಮಗುವಿನ ಅಳು ಕಡಿಮೆಯಾಯಿತು. ಪೂಜೆ ಫಲಿಸಿತೆಂದು ರಾಯರು ಕೈಮುಗಿದರು. ತುಂಗಾಬಾಯಿ ಕೈಮುಗಿಯಲಿಲ್ಲ.

‘ಅಳೋದಕ್ಕೂ ಅದಕ್ಕೆ ಶಕ್ತಿ ಇಲ್ಲ. ಹೋಗಿ ಆ ಸ್ವಾಮಿಗಳನ್ನೇ ಕೇಳಿ. ಆಚಾರ್ಯರನ್ನಲ್ಲ’ ಎಂದರು.

ರಾಯರು ಓಡಿದರು. ಶ್ರೀಗಳು ಆಗಷ್ಟೇ ಅಕ್ಕಿ ತೊಳೆದು ತಪ್ಪಲೆಯನ್ನು ಒಲೆಯ ಮೇಲೆ ಏರಿಸಿದ್ದರು.

‘ಕುಡಿದಳೇ?’ ಎಂದರು.

‘ಏನನ್ನು, ಗುರುಗಳೇ?’

‘ಸಾರನ್ನು.’

‘ಯಾವ ಸಾರು?’

‘ನಿನ್ನೆ ಕೊಟ್ಟದ್ದು ಏನಾಯಿತು?’

‘ಪೂಜೆಯಲ್ಲಿದೆ. ಮೂರು ಹೊತ್ತೂ ಆರತಿಯಾಗುತ್ತಿದೆ.’

ಹಿಂದೊಮ್ಮೆ ಶ್ರೀಗಳ ತೊಡೆಯ ಮೇಲೆ ನಾಗರಹಾವು ಹರಿದುಹೋದಾಗ ಅವರ ಕಣ್ಣರೆಪ್ಪೆ ಅಲುಗಲಿಲ್ಲವೆಂದು ಕಂಡವರು ಹೇಳುತ್ತಾರೆ. ಈ ಮಾತಿಗೆ ಅಲುಗಿತು. ಬಹಳ ಹೊತ್ತು ಅವರು ರಾಯರನ್ನು ನೋಡಿದರು. ರಾಯರು ಅವರನ್ನು ನೋಡಿದರು. ಇಬ್ಬರಲ್ಲಿ ಹೆಚ್ಚು ಗೊಂದಲಗೊಂಡವರು ಯಾರೆಂದು ಹೇಳುವುದು ಕಷ್ಟ. ಬಳಿಕ ಶ್ರೀಗಳು ಎದ್ದರು. ಉರಿಯುವ ಒಲೆಯನ್ನೂ ಅದರ ಮೇಲಿದ್ದ ತಪ್ಪಲೆಯನ್ನೂ ಹಾಗೆಯೇ ಬಿಟ್ಟು ಶೆಡ್ಡಿನ ಕಡೆಗೆ ನಡೆದರು.

ಶೆಡ್ಡಿನ ಮುಂದೆ ರಾಯರ ಒಲೆ ಹೆರಿಗೆಯಾದಾಗಿನಿಂದ ಒಮ್ಮೆಯೂ ಬೆಂಕಿ ಕಾಣದೆ ಸ್ವಚ್ಛವಾಗಿತ್ತು. ಶ್ರೀಗಳು ಪಕ್ಕದ ಸೌದೆಯ ರಾಶಿಯ ಮೇಲೆ ಕುಳಿತರು.

‘ಗುರುಗಳೇ, ತಾವೇ ಮಾಡಿಬಿಡಬೇಕು. ನನಗೆ ಇದೊಂದೂ ಬಾರದು’ ಎಂದು ರಾಯರು ಕೈಮುಗಿದು ನಿಂತರು.

‘ನಾಳೆ ನಾನಿರುವುದಿಲ್ಲ’ ಎಂದರು ಶ್ರೀಗಳು. ‘ನೀನಿರುತ್ತೀಯ.’

ರಾಯರು ಮೇಲುಹೊದಿಕೆಯನ್ನು ಸೊಂಟಕ್ಕೆ ಕಟ್ಟಿ ಕುಕ್ಕರಗಾಲಿನಲ್ಲಿ ಕುಳಿತರು. ಬಯಲಿನ ಜನ ತಮ್ಮ ತಮ್ಮ ಶೆಡ್ಡುಗಳ ಬಾಗಿಲಿಗೆ ಬಂದರು. ಶ್ರೀಗಳ ದೃಷ್ಟಿ ಬಿದ್ದೊಡನೆ ಒಲೆ ತಾನಾಗಿ ಹೊತ್ತಿಕೊಂಡಿತೆಂದು ಕೆಲವು ಭಕ್ತರು ಇಂದಿಗೂ ಹೇಳುವುದುಂಟು. ರಾಯರು ಬೆಂಕಿಪೆಟ್ಟಿಗೆ ಅರ್ಧ ಖಾಲಿ ಮಾಡಿದರೆಂಬುದನ್ನು ಅವರೂ ಅಲ್ಲಗಳೆಯುವುದಿಲ್ಲ.

‘ರಾಯರೇ, ಹುಕುಂ ಮಾಡಿ ನೋಡಿ, ಹತ್ತಿಕೊಳ್ಳಬಹುದು’ ಎಂದು ಎದುರಿನ ಶೆಡ್ಡಿನಿಂದ ಯಾರೋ ಕೂಗಿದರು.

‘ದಪ್ಪ ಸೌದೆ ತೆಗೀರಿ. ಮೊದಲು ಪುಳ್ಳೆ ಇಡಿ’ ಎಂದರು ಮರೆಯಿಂದ ತುಂಗಾಬಾಯಿ. ಅವರ ದನಿ ಕ್ಷೀಣವಾಗಿದ್ದರೂ ಅದರಲ್ಲಿ ಸಂಶಯವಿರಲಿಲ್ಲ. ‘ಬೇಳೆ ತೊಳೆದು ಹಾಕಿ. ಮುಳುಗಿ, ಮೇಲೆ ಒಂದು ಗೆಣ್ಣು ನೀರಿರಲಿ.’

‘ಯಾವ ಬೆರಳಿನ ಗೆಣ್ಣು?’

‘ಯಾವುದಾದರೂ.’

‘ಹೆಬ್ಬೆರಳಿಗೂ ಕಿರುಬೆರಳಿಗೂ ವ್ಯತ್ಯಾಸವಿದೆ, ನೋಡು.’

‘ಬೇಳೆಗೆ ಗೊತ್ತಾಗೋಲ್ಲ. ಹಾಕಿ.’

‘ಎಷ್ಟು ಹೊತ್ತು ಬೇಯಬೇಕು?’

‘ಬೇಯೋವರೆಗೂ.’

ಮೊದಲನೆಯ ಬೇಳೆ ತಳಹಿಡಿಯಿತು. ಅದನ್ನು ಚೆಲ್ಲಿ ಎರಡನೆಯ ಸಲ ಇಟ್ಟರು. ಹೊಗೆಗೆ ಕಣ್ಣು ಕೆಂಪಾಗಿ, ಹಣೆಯ ಗೋಪೀಚಂದನದ ಮುದ್ರೆಗಳು ಬೆವರಿನಲ್ಲಿ ಕರಗಿ ಮೂಗಿನವರೆಗೆ ಇಳಿದವು. ಎರಡನೆಯ ಬೇಳೆ ಬೆಂದಿತು. ಅದರ ಬೆನ್ನಿಗೆ ಅನ್ನವೂ ಆಯಿತು.

‘ಈಗ ಆ ಗಂಟು ತನ್ನಿ’ ಎಂದರು ತುಂಗಾಬಾಯಿ.

ರಾಯರು ದೇವರ ಪೆಟ್ಟಿಗೆಯಿಂದ ಗಂಟನ್ನು ತಂದು ಶ್ರೀಗಳ ಮುಂದೆ ನಿಂತರು. ಅಲ್ಲಿಯೇ ಬಿಚ್ಚಿದರು. ಒಳಗೆ ಕಾಳುಮೆಣಸು, ಜೀರಿಗೆ, ಒಂದು ತುಂಡು ಒಣಶುಂಠಿ, ಎರಡು ಗಡ್ಡೆ ಬೆಳ್ಳುಳ್ಳಿ ಇದ್ದವು. ವಿರಕ್ತರ ಜೋಳಿಗೆಯಲ್ಲಿ ಬೆಳ್ಳುಳ್ಳಿ ಏಕಿತ್ತೆಂಬುದನ್ನು ಭಕ್ತರು ಸಾಮಾನ್ಯವಾಗಿ ಚರ್ಚಿಸುವುದಿಲ್ಲ; ಚರ್ಚಿಸಿದವರು ಒಮ್ಮತಕ್ಕೆ ಬಂದಿಲ್ಲ. ರಾಯರು ಆ ಮೆಣಸನ್ನೂ ಅಂಟಿಕೊಂಡಿದ್ದ ಕುಂಕುಮವನ್ನೂ ನೋಡಿದರು. ಒಂದು ದಿನ ಪೂರ್ತಿ ತಾವು ಏನನ್ನು ಪೂಜಿಸಿದರು, ಅದು ಪೂಜೆಗೆ ತಕ್ಕದ್ದೋ ಅಲ್ಲವೋ, ಈಗ ಕಲ್ಲಿನಲ್ಲಿ ಕುಟ್ಟಿದರೆ ಅಪಚಾರವೋ, ಕುಟ್ಟದಿದ್ದರೆ ಅಪಚಾರವೋ ಎಂಬ ಯಾವುದೂ ಅವರಿಗೆ ಬಗೆಹರಿಯಲಿಲ್ಲ.

ಒಳಗೆ ಮಗು ಒಂದು ಸಣ್ಣ ದನಿ ಮಾಡಿತು. ಅದನ್ನು ಅಳು ಎನ್ನುವಂತಿರಲಿಲ್ಲ.

‘ಕುಟ್ಟು’ ಎಂದರು ಶ್ರೀಗಳು.

ರಾಯರು ಕುಟ್ಟಿದರು.

ಬೆಳ್ಳುಳ್ಳಿಯನ್ನು ತುಪ್ಪದಲ್ಲಿ ಹುರಿದು, ಕುಟ್ಟಿದ ಪುಡಿ ಹಾಕಿ, ಬೇಳೆಯ ಕಟ್ಟು ಬೆರೆಸಿ ಕುದಿಸಿದರು. ಉಪ್ಪು ಎಷ್ಟೆಂದು ಕೇಳಲಿಲ್ಲ, ಹಾಕಿದರು. ತುಂಗಾಬಾಯಿ ಬಿಸಿ ಅನ್ನಕ್ಕೆ ಅದನ್ನು ಕಲಸಿಕೊಂಡು ಉಂಡರು, ಲೋಟದಲ್ಲಿಯೂ ಕುಡಿದರು. ‘ಖಾರ ಜಾಸ್ತಿಯಾಯ್ತು’ ಎಂದರು. ಇನ್ನೊಂದು ಲೋಟ ಕೇಳಿದರು. ತಟ್ಟಿಯ ಕಡೆ ಹೊರಳಿ ನಿದ್ದೆಹೋದರು.

ರಾಯರು ಸಂಜೆ ಮತ್ತೆ ಒಲೆ ಹಚ್ಚಿದರು. ಮರುದಿನ ಬೆಳಿಗ್ಗೆ ಮತ್ತೆ ಹಚ್ಚಿದರು. ಮಧ್ಯಾಹ್ನ ಚಾಪೆಯ ಮರೆಯಲ್ಲಿ ಚಪ್ಪರಿಸುವ ಸದ್ದು ಕೇಳಿಸಿತು. ಸೌಟು ಹಿಡಿದುಕೊಂಡೇ ಕಿವಿಗೊಟ್ಟರು. ನುಂಗುವ ಸದ್ದು. ಮತ್ತೆ ಚಪ್ಪರಿಸುವ ಸದ್ದು. ಆಮೇಲೆ ತುಂಗಾಬಾಯಿ ‘ಸಾಕು, ಉಸಿರು ತಗೋ ತಾಯಿ’ ಎಂದದ್ದು ಕೇಳಿಸಿತು.

ರಾಯರು ಹುಣಸೆಮರದ ಬಳಿಗೆ ಓಡಿದರು. ಶ್ರೀಗಳು ಇರಲಿಲ್ಲ. ಹೇಳಿದಂತೆಯೇ ಹೊರಟುಹೋಗಿದ್ದರು. ಮೂರು ಕಲ್ಲುಗಳ ಮೇಲೆ ಆ ಹಿತ್ತಾಳೆಯ ತಪ್ಪಲೆ ಮಾತ್ರ ಇತ್ತು. ಒಳಗಿನ ಅನ್ನವೆಲ್ಲ ಸೀದು ಕರಿಯ ಹಕ್ಕಳೆಯಾಗಿ ತಳಕ್ಕೆ ಅಂಟಿಕೊಂಡಿತ್ತು.

ರಾಯರ ಶೆಡ್ಡಿನ ಮುಂದೆ ಶ್ರೀಗಳು ಕುಳಿತಿದ್ದಾಗ ಇಲ್ಲಿ ಬೇಯುತ್ತಿದ್ದದ್ದು ಅವರ ಆ ದಿನದ ಊಟ. ಬೇರೆಯವರ ಕೈಯ ಅನ್ನವನ್ನು ಅವರು ಮುಟ್ಟುವವರಲ್ಲ. ಅವರು ಎದ್ದು ಹೋಗುವಾಗ ‘ಉಂಡಿರಾ’ ಎಂದು ಕೇಳುವುದು ಬಯಲಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹಸಿವಾಗುತ್ತೆ ಎಂದು ಅವರು ಮೊದಲೇ ಹೇಳಿದ್ದರು. ಅದರ ಮೇಲೆ ಪ್ರವಚನವಾಗಿತ್ತು.

ರಾಯರು ತಪ್ಪಲೆಯ ಮುಂದೆ ಸಾಷ್ಟಾಂಗ ಬಿದ್ದರು. ಎದ್ದು, ಅದನ್ನು ಕೆರೆಗೆ ಕೊಂಡೊಯ್ದು, ಬೂದಿ ಮತ್ತು ತೆಂಗಿನ ನಾರು ಹಾಕಿ ತಿಕ್ಕಿದರು. ತಿಕ್ಕುವಾಗ ಅವರ ಕಣ್ಣಲ್ಲಿ ನೀರಿತ್ತು. ಅಲ್ಲಿ ಹೊಗೆ ಇರಲಿಲ್ಲ.

ಈ ಸುದ್ದಿ ತಿಳಿದು ಬಿಂದಾಚಾರ್ಯರು ಶೆಡ್ಡಿಗೆ ಧಾವಿಸಿ ಬಂದರು.

‘ಏನು ಮಾಡಿದಿರಿ, ರಾಯರೇ? ಅದು ಗುರುಗಳ ಶೇಷ. ಬೆಳ್ಳಿಯ ಮಂಟಪದಲ್ಲಿಟ್ಟು ತಲೆತಲಾಂತರ ಪೂಜಿಸುವಂಥದ್ದು. ನೀವು ಬೂದಿ ಹಾಕಿ ತಿಕ್ಕಿದಿರಂತೆ.’

‘ಹುಣಸೆಹಣ್ಣೂ ಹಾಕಿದೆ. ಸೀದದ್ದು ಬೇಗ ಬಿಡಲಿಲ್ಲ.’

‘ಈಗೆಲ್ಲಿದೆ?’

ರಾಯರು ಒಲೆಯ ಕಡೆಗೆ ಕೈತೋರಿಸಿದರು. ತಪ್ಪಲೆಯಲ್ಲಿ ಬೇಳೆ ಕುದಿಯುತ್ತಿತ್ತು.

ಆಚಾರ್ಯರು ತಪ್ಪಲೆಯೊಳಗೆ ಇಣುಕಿ ನೋಡಿದರು. ದನಿ ತಗ್ಗಿಸಿ, ‘ಹೋಗಲಿ, ಗುರುಗಳು ನಿಮಗೆ ಉಪದೇಶವೇನಾದರೂ ಮಾಡಿದರೇ?’ ಎಂದು ಕೇಳಿದರು.

ರಾಯರು ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ‘ಆಚಾರ್ಯರೇ, ನಿಮ್ಮ ಮನೆಯಲ್ಲಿ ಅಡಿಗೆ ಯಾರು?’

‘ಇನ್ನಾರು? ನಮ್ಮ ಮನೆಯವಳು.’

‘ಅವರು ಮಲಗಿದರೆ?’

ಆಚಾರ್ಯರು ಬಾಯಿ ತೆರೆದರು. ಯಾವ ಅರ್ಥವೂ ಹೊರಗೆ ಬರಲಿಲ್ಲ.

ರಾಯರು ಸೌದೆಯ ರಾಶಿಯ ಮೇಲೆ ಅವರಿಗೆ ಜಾಗ ಮಾಡಿಕೊಟ್ಟು, ಗಂಟಿನಲ್ಲಿ ಉಳಿದಿದ್ದ ಒಂದು ಗಡ್ಡೆ ಬೆಳ್ಳುಳ್ಳಿಯನ್ನು ಅವರ ಕೈಯಲ್ಲಿ ಇಟ್ಟರು.

‘ಸುಲೀರಿ’ ಎಂದರು.

ಆಚಾರ್ಯರು ಅದನ್ನು ಕಣ್ಣಿಗೊತ್ತಿಕೊಳ್ಳಲು ಮೇಲೆತ್ತಿದರು. ವಾಸನೆ ಬಂದಿತು. ಕೈ ನಡುವೆಯೇ ನಿಂತಿತು. ಒಳಗೆ ಮಗು ಹೊಟ್ಟೆ ತುಂಬಿ ತೇಗಿತು. ಆಚಾರ್ಯರು ಆ ಕಡೆ ಒಮ್ಮೆ ನೋಡಿದರು, ರಾಯರ ಕಡೆ ಒಮ್ಮೆ ನೋಡಿದರು. ಬಳಿಕ ಕೈ ಇಳಿಸಿ, ಉಗುರಿನಿಂದ ಸಿಪ್ಪೆಯನ್ನು ಹುಡುಕತೊಡಗಿದರು.