ಆನೆಮರಿಯ ಮೇಲೆ ಅಂಬಾರಿ

ಕೇಳ್ರಪ್ಪಾ ಕೇಳಿ. ಕಂಚಿನಗಿರಿ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ಅವನಿಗೊಬ್ಬನೇ ಮಗ, ನಾಲ್ಕು ವರ್ಷದ ಚಂದ್ರಚೂಡ. ಎತ್ತಿ ಆಡಿಸಿದವಳು ದಾದಿ ಕೆಂಚವ್ವ. ಅವಳ ಹತ್ತಿರ ಆ ಮಗು ಅರಳು ಹುರಿದ ಹಾಗೆ ಮಾತಾಡ್ತಿತ್ತು.

ರಾಜನಿಗೋ ಅವಸರ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋ ಆಸಾಮಿ. ತ್ರಿಲೋಚನ ಪಂಡಿತನನ್ನು ಕರೆಸಿ, "ಮೂರೇ ತಿಂಗಳಲ್ಲಿ ಮಗ ವಿದ್ವಾಂಸನಾಗಬೇಕು. ಹಾಗೆ ಮಾಡಿದರೆ ನಿಮಗೆ ಅಂಬಾರಿ ಮೆರವಣಿಗೆ" ಅಂದ.

ಮೊದಲನೇ ತಿಂಗಳು ಪಂಡಿತ ಆಟ ಬಿಡಿಸಿ ಮಗುವನ್ನು ಚಕ್ಕಳಮಕ್ಕಳ ಕೂರಿಸಿದ. "ಸ್ವಾಮಿ, ಓಡಾಡೋ ಕೂಸು" ಅಂದಳು ಕೆಂಚವ್ವ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನಮ್ಮ?" ಅಂದ ಪಂಡಿತ.

ಎರಡನೇ ತಿಂಗಳು ವ್ಯಾಕರಣ. "ಸ್ವಾಮಿ, ಬಳಪ ಹಿಡಿಯೋಕೂ ಬೆರಳು ಬಲಿತಿಲ್ಲ." "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?"

ಮೂರನೇ ತಿಂಗಳು ಗಣಿತ. "ಸ್ವಾಮಿ, ಕೂಸು ನಿದ್ದೇಲಿ ಬೆಚ್ಚಿ ಬೀಳ್ತದೆ." ಮತ್ತದೇ ಗಿಡ, ಅದೇ ಮರ.

ಅಷ್ಟರಲ್ಲಿ ಮಗು ಮಾತೇ ಬಿಟ್ಟಿತು. ಕೇಳಿದರೆ ಶ್ಲೋಕ ಒಪ್ಪಿಸುತ್ತೆ, ಹಸಿವಾದರೆ ಮಾತ್ರ ಬಾಯಿ ಬಿಡೋಲ್ಲ. ರಾಜ ಶ್ಲೋಕ ಕೇಳಿಯೇ ಉಬ್ಬಿಹೋಗಿ ಮೆರವಣಿಗೆಗೆ ದಿನ ಗೊತ್ತುಮಾಡಿದ. "ಮುಂದಿನ ತಿಂಗಳು ತರ್ಕಶಾಸ್ತ್ರ" ಅಂದ ಪಂಡಿತ.

ಇನ್ನು ಸುಮ್ಮನಿದ್ದರೆ ಕೂಸು ಕೈತಪ್ಪಿ ಹೋಗುತ್ತೆ ಅನ್ನಿಸಿತು ಕೆಂಚವ್ವನಿಗೆ. ಅವಳ ಗಂಡ ಅರಮನೆಯ ಮಾವುತ. ಅವನ ಕಿವಿಯಲ್ಲಿ ಏನೋ ಹೇಳಿದಳು. ಮೆರವಣಿಗೆ ದಿನ ಬಾಗಿಲಿಗೆ ಬಂದದ್ದು ಆನೆಯಲ್ಲ, ಹಾಲು ಕುಡಿಯೋ ಆನೆಮರಿ. ಪಕ್ಕದಲ್ಲಿ ದೊಡ್ಡ ಅಂಬಾರಿ.

"ಹತ್ತಿ ಸ್ವಾಮಿ. ಅಂಬಾರಿ ಕಟ್ಟಿಸ್ತೀನಿ" ಅಂದಳು ಕೆಂಚವ್ವ ಪಂಡಿತನಿಗೆ.

"ಇದು ಮರಿಯಲ್ಲವೇನಮ್ಮ?"

"ಆನೆ ಜಾತಿ ತಾನೇ? ಇವತ್ತು ಹೊರದಿದ್ದರೆ ನಾಳೆ ಹೊತ್ತೀತಾ?"

ಪಂಡಿತ ಬೆವೆತುಹೋದ. "ಮೂಳೆ ಬಲಿಯೋ ಮುಂಚೆ ಹೇರಿದರೆ ಇದರ ಬೆನ್ನು ಮುರೀತದೆ. ಜನ್ಮಕ್ಕೂ ಏನೂ ಹೊರೋಲ್ಲ. ನನ್ನ ಸೊಂಟವೂ ಹೋಗ್ತದೆ."

ಕೆಂಚವ್ವ ರಾಜನ ಕಡೆ ತಿರುಗಿದಳು. "ಕೇಳಿದ್ರಾ ಬುದ್ಧಿ? ಆನೆಮರಿ ಬೆನ್ನು ಇವರಿಗೆ ಗೊತ್ತು. ನನ್ನ ಕೂಸಿನ ಬೆನ್ನು ಯಾರಿಗೆ ಗೊತ್ತು?"

ರಾಜ ಮಗನ ಮುಖ ನೋಡಿದ. ಮೂರು ತಿಂಗಳಲ್ಲಿ ಅವತ್ತೇ ಸರಿಯಾಗಿ ನೋಡಿದ್ದು. ಕಣ್ಣು ತುಂಬಿ ಬಂತು. "ಏನು ಕಲಿಸಬೇಕು, ನೀನೇ ಹೇಳವ್ವ."

"ನಾಲ್ಕಕ್ಕೆ ಮಣ್ಣು, ನೀರು, ಹಾಡು, ಕಥೆ. ಐದಕ್ಕೆ ಹುಣಸೆಬೀಜದ ಎಣಿಕೆ. ಬೆರಳು ಬಲಿತ ಮೇಲೆ ಅಕ್ಷರ. ವ್ಯಾಕರಣ ಎಲ್ಲಿಗೂ ಓಡಿಹೋಗಲ್ಲ ಬುದ್ಧಿ."

ಮೆರವಣಿಗೆ ನಿಂತಿತು. ಮಗುವಿನ ಜೊತೆ ದಿನಾ ಮರಳಲ್ಲಿ ಗುಬ್ಬಚ್ಚಿ ಗೂಡು ಕಟ್ಟೋ ಕೆಲಸ ಪಂಡಿತನ ಪಾಲಿಗೆ ಬಂತು. ಮೊದಲ ದಿನ ಅವನ ಗೂಡು ಕುಸಿಯಿತು. ಎರಡನೇ ದಿನವೂ ಕುಸಿಯಿತು. ಮೂರನೇ ದಿನ ಮಗು ಕಿಲಕಿಲ ನಕ್ಕು, "ಹಾಗಲ್ಲ ಪಂಡಿತರೇ, ಬನ್ನಿ, ನಾನು ಹೇಳಿಕೊಡ್ತೀನಿ" ಅಂತು. ಕೆಂಚವ್ವ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಹೊರೆ ಹೇರೋ ಮುಂಚೆ ಬೆನ್ನು ನೋಡಬೇಕು, ಪಾಠ ಹೇಳೋ ಮುಂಚೆ ಮಗುವಿನ ವಯಸ್ಸು ನೋಡಬೇಕು. ಮಕ್ಕಳ ಹಿಂದೆ ಕೂತಿರೋ ಅಪ್ಪ ಅಮ್ಮಂದಿರೇ, ಈ ಮಾತು ನಿಮಗೇ ಹೇಳಿದ್ದು.