ಜವರಮ್ಮನ ಕೆನ್ನೆ ತುಂಬಿದ್ದು

ಹತ್ತಿರ ಬನ್ನಿ, ಬಾಯಿ ಮುಚ್ಚಿಕೊಂಡು ಕೇಳಿ. ನಗು ಬಂದರೆ ಮಾತ್ರ ತೆರೆಯಿರಿ.

ಜವರಮ್ಮನಿಗೆ ಒಬ್ಬನೇ ಮಗ, ಚೆಲುವರಾಯ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವಳ ಸಂಕಟವೇ ಅದು. ಸಾಲದ್ದಕ್ಕೆ ಕಾಮಾಲೆ ಬಂದು ಹೋಗಿ ಅವಳ ಕೆನ್ನೆಗಳು ಒಳಕ್ಕೆ ಸೇರಿಕೊಂಡವು. ಮಾಘದಲ್ಲಿ ಅವಳದೇ ರೂಪಿನ ಅವಳಿ-ಜವಳಿ ತಂಗಿ ದೇವೀರಮ್ಮನ ಮಗಳ ಮದುವೆ. ನಿಶ್ಚಿತಾರ್ಥಕ್ಕೆ ಬಂದ ಬೀಗರು ಜವರಮ್ಮನನ್ನು ತೋರಿಸಿ ದೇವೀರಮ್ಮನನ್ನು ಕೇಳಿಯೇಬಿಟ್ಟರು: "ಇವರು ನಿಮ್ಮ ತಾಯಿಯೇ?"

ಜವರಮ್ಮ ಎಲೆ ಮುಂದಿನಿಂದ ಎದ್ದು ಬಂದು ಅತ್ತಳು.

"ಹೋಗೋ ಚೆಲುವಾ, ಕೆನ್ನೆ ತುಂಬೋಕೆ ಏನ್ಮಾಡಬೇಕು ಅಂತ ಚರ್ಮದ ಡಾಕ್ಟ್ರಮ್ಮನ್ನ ಕೇಳ್ಕೊಂಡು ಬಾ. ಒಂದು ಮಾತೂ ಮರೀಬೇಡ!"

ಡಾಕ್ಟ್ರಮ್ಮ ಹೇಳಿದರು: "ಎರಡು ಥರದ ಇಂಜೆಕ್ಷನ್ ಇದೆಯಪ್ಪ. ಫಿಲ್ಲರ್ ಆದರೆ ತಗ್ಗಿದ್ದಲ್ಲಿ ತುಂಬೋದು, ತಕ್ಷಣ ಗೊತ್ತಾಗುತ್ತೆ. ಇನ್ನೊಂದು ಕೊಲಾಜನ್, ಅಂದರೆ ಚರ್ಮವನ್ನ ಬಿಗಿಯಾಗಿಡೋ ನಾರು, ಅದನ್ನ ಬೆಳೆಸುವಂಥದ್ದು. ಕಾಯಬೇಕು, ಒಳಗಿಂದ ತಾನೇ ತುಂಬಿಕೊಳ್ಳುತ್ತೆ. ಮುಖ ನೋಡದೆ ಯಾವುದು ಅಂತ ಹೇಳಲ್ಲ. ಅಮ್ಮನ್ನ ಕರ್ಕೊಂಡು ಬಾ."

"ತಗ್ಗಿದ್ದಲ್ಲಿ ತುಂಬೋದು, ತಗ್ಗಿದ್ದಲ್ಲಿ ತುಂಬೋದು" ಎನ್ನುತ್ತ ಬಂದ. ಪಕ್ಕದ ಮನೆ ಅಂಗಳದಲ್ಲಿ ಒರಳುಕಲ್ಲು. ನಡುವೆ ಎಂಥಾ ತಗ್ಗು! ಗಾರೆಯವರ ಸಿಮೆಂಟು ತಂದು ತುಂಬಿಯೇಬಿಟ್ಟ.

"ಅಯ್ಯೋ ನನ್ನ ಕರ್ಮವೇ! ಕಂಡ ತಗ್ಗನ್ನೆಲ್ಲ ತುಂಬ್ತಾರೇನೋ? ಡಾಕ್ಟ್ರಮ್ಮ ಕಾಯೋಕೂ ಹೇಳಿದ್ರು ಅಂದ್ಯಲ್ಲ, ಅದನ್ನ ಮಾಡು!"

"ಆಗಲಮ್ಮ, ಕಾಯ್ತೀನಿ."

ಮಗನಿಗೆ ಕಾಯಲು ಹೇಳಿದವಳಿಗೇ ತಾಳ್ಮೆ ಇಲ್ಲ. ಪೇಟೆಯ ಪಾರ್ಲರಿನವಳು, "ಡಾಕ್ಟರು ಯಾಕ್ರೀ? ಎರಡನ್ನೂ ಬೆರೆಸಿ ಒಂದೇ ಸೂಜಿ ಚುಚ್ತೀನಿ, ಇವತ್ತೇ ಕೆನ್ನೆ!" ಅಂದಿದ್ದಳು. ಮಗನ ಸ್ಕೂಟರ್ ಹತ್ತಿ ಹೊರಟಳು. ಅರ್ಧ ದಾರಿಯಲ್ಲಿ ಟೈರು ಚಪ್ಪಟೆ.

"ಏನಾದ್ರೂ ಮಾಡೋ!" ಎಂದು ಮರದ ನೆರಳಿಗೆ ಹೋಗಿ ಒರಗಿದಳು, ನಿದ್ದೆ ಹತ್ತಿತು. ಎದ್ದು ನೋಡಿದರೆ ಹೊತ್ತು ಮುಳುಗಿದೆ! ಮಗ ಟೈರಿನ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾನೆ.

"ಏನೋ ಮಾಡ್ತಿದ್ದೀಯ?"

"ಕಾಯ್ತಿದ್ದೀನಮ್ಮ. ಒಳಗಿಂದ ತಾನೇ ತುಂಬಿಕೊಳ್ಳುತ್ತೆ."

ದಾರಿಯುದ್ದಕ್ಕೂ ಬೈದಳು. ಬೆಳಗಾದರೆ ಊರೆಲ್ಲ ಗುಲ್ಲು. ಹಿಂದಿನ ದಿನ ಅಲ್ಲಿ ಸೂಜಿ ಹಾಕಿಸಿಕೊಂಡ ಇಬ್ಬರು ಮುಖ ಊದಿ ಆಸ್ಪತ್ರೆ ಸೇರಿದ್ದರು; ಪಾರ್ಲರಿಗೆ ಬೀಗ.

ಜವರಮ್ಮ ಮಗನನ್ನು ತಬ್ಬಿಕೊಂಡಳು. "ನನ್ನ ಮುಖ ಉಳಿಸಿದೆ ಕಣೋ ಪೆದ್ದೇ! ನೀನೂ ಇದೊಂದು ಕಲಿ. ಯಾರು ನಮಗೆ ಏನು ಒಳ್ಳೇದು ಮಾಡಿದ್ರೋ, ಅವರಿಗೆ ನಾವೂ ಅದನ್ನೇ ಮಾಡಬೇಕು."

ಅಂದೇ ಡಾಕ್ಟ್ರಮ್ಮನ ಬಳಿ ಹೋದರು. "ಒಂದು ಕಡೆಯ ತಗ್ಗಲ್ಲ, ಮುಖವೆಲ್ಲ ಸೊರಗಿದೆ. ಮದುವೆ ಮುಂದಿನ ವಾರವಾಗಿದ್ದರೆ ಫಿಲ್ಲರ್ ಅನ್ನುತ್ತಿದ್ದೆ. ಮಾಘಕ್ಕಲ್ಲವೇ? ಕಾಲವಿದೆ, ನಿಧಾನದ್ದೇ ಇರಲಿ" ಎಂದರು. ಸೂಜಿ ಎತ್ತಿ, "ಅಲ್ಲಾಡಬೇಡಿ, ಚುರುಕ್ ಅನ್ನುತ್ತೆ, ಅಷ್ಟೆ!"

ಮಾಘ ಬಂತು. ಮಂಟಪದಲ್ಲಿ ಅಕ್ಕತಂಗಿಯರು ಅಕ್ಕಪಕ್ಕ ನಿಂತರು. ಬೀಗರು ತಬ್ಬಿಬ್ಬು: "ಇಬ್ಬರಲ್ಲಿ ಹುಡುಗಿಯ ತಾಯಿ ಯಾರು?"

ಜವರಮ್ಮನ ಕಣ್ಣು ತುಂಬಿತು. "ಚೆಲುವಾ, ಈಗಲೇ ಹೋಗಿ ಡಾಕ್ಟ್ರಮ್ಮನ ಉಪಕಾರ ತೀರಿಸಿ ಬಾ. ಬರಿಗೈಲಿ ಹೋಗಬೇಡ!"

ಚೆಲುವರಾಯ ಬರಿಗೈಲಿ ಹೋಗಲಿಲ್ಲ. ಗೋಣಿಚೀಲ ಹೊಲಿಯುವ ದಬ್ಬಣ ಹಿಡಿದು ನೇರ ಡಾಕ್ಟ್ರಮ್ಮನ ಮುಂದೆ ನಿಂತ. ಭಕ್ತಿಯಿಂದ ಕೈಮುಗಿದ.

"ಮುಖ ಇತ್ತ ಕೊಡಿ ಡಾಕ್ಟ್ರಮ್ಮ. ಅಲ್ಲಾಡಬೇಡಿ, ಚುರುಕ್ ಅನ್ನುತ್ತೆ, ಅಷ್ಟೆ!"