ಚಿತ್ತಾರಿ ಆರಿಸಿದ ಸದ್ದಿಲ್ಲದ ಪೊದೆ

ಮಕ್ಕಳೇ, ಹಿರಿಕೆರೆ ಅಂದರೆ ಬರೀ ನೀರು ನಿಂತ ಜಾಗ ಅಂದುಕೊಳ್ಳಬೇಡಿ. ಅದೊಂದು ದೊಡ್ಡ ಪಟ್ಟಣ. ನೀರಿನಲ್ಲಿ ಬಾತುಗಳು, ಜೊಂಡಿನಲ್ಲಿ ನೀರುಕೋಳಿಗಳು, ಏರಿಯ ಕಲ್ಲುಸಂದಿಯಲ್ಲಿ ಓತಿಕ್ಯಾತಗಳು, ಮರದ ಕೊಂಬೆಗೊಂದು ಸಂಸಾರ. ಬೆಳಗಾದರೆ ನೀರು ಕುಡಿಯಲು ನೂಕುನುಗ್ಗಲು. ದಿನಾ ಯಾರೋ ಹೊಸಬರು ಬರುತ್ತಿದ್ದರು, ಯಾರೋ ಹಳಬರು ಹೋಗುತ್ತಿದ್ದರು. ಹೋದವರು ಯಾಕೆ ಹೋದರು ಎಂದು ಕೇಳುವಷ್ಟು ಪುರುಸೊತ್ತು ಬಹಳ ಜನಕ್ಕೆ ಇರಲಿಲ್ಲ.

ಇಂಥ ಪಟ್ಟಣಕ್ಕೆ ಒಂದು ಬೆಳಿಗ್ಗೆ ಗೌಜಲಕ್ಕಿ ದಂಪತಿ ಬಂದರು. ಹೆಂಡತಿಯ ಹೆಸರು ಚಿತ್ತಾರಿ, ಗಂಡನ ಹೆಸರು ಬೂದ. ಅವರಿದ್ದ ಕುರುಚಲು ಗುಡ್ಡದಲ್ಲಿ ಮನುಷ್ಯರು ಕಲ್ಲು ಒಡೆಯಲು ಶುರುಮಾಡಿದ್ದರು. ಪೊದೆಯೆಲ್ಲ ಧೂಳಿನಡಿ ಸೇರಿತ್ತು. ಚಿತ್ತಾರಿಗೆ ಮೊಟ್ಟೆಯಿಡುವ ದಿನ ಹತ್ತಿರ ಬಂದಿತ್ತು. ಗೌಜಲಕ್ಕಿ ಮರದ ಮೇಲೆ ಗೂಡು ಕಟ್ಟುವ ಹಕ್ಕಿಯಲ್ಲ. ಪೊದೆಯ ಬುಡದಲ್ಲಿ ನೆಲ ಕೆದರಿ, ಅಲ್ಲೇ ಮೊಟ್ಟೆಯಿಡುತ್ತದೆ. ಒಮ್ಮೆ ಇಟ್ಟ ಮೇಲೆ ಅವನ್ನು ಎತ್ತಿಕೊಂಡು ಬೇರೆ ಕಡೆಗೆ ಹೋಗುವ ಹಾಗಿಲ್ಲ. ಜಾಗ ಆರಿಸುವುದರಲ್ಲಿ ಎಡವಿದರೆ ಮುಗಿಯಿತು.

ಚಿತ್ತಾರಿ ಬುದ್ಧಿವಂತೆ. ಆದರೆ ಯಾರಾದರೂ ಎರಡು ಮಾತು ಜಾಸ್ತಿ ಆಡಿದರೆ ಸಾಕು, ಅವಳ ಕತ್ತು ನೆಟ್ಟಗಾಗುತ್ತಿತ್ತು. "ಇವರಿಗೆ ನಮ್ಮಿಂದ ಏನೋ ಆಗಬೇಕಾಗಿದೆ" ಎಂದು ಗಂಡನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು.

ಮೊದಲು ನೋಡಿದ್ದು ನೀರಿನ ಅಂಚಿನ ಹುಲ್ಲುಗಾವಲು. ಅಲ್ಲಿ ಒಂಟಿಕಾಲಲ್ಲಿ ನಿಂತಿದ್ದ ಕೊಕ್ಕರೆ, "ಬನ್ನಿ ಬನ್ನಿ, ಇಲ್ಲೇ ಇರಿ. ಬೇಕಾದಷ್ಟು ಜಾಗ ಇದೆ" ಎಂದಿತು.

ಬೂದನಿಗೆ ಖುಷಿಯಾಯಿತು. ಚಿತ್ತಾರಿ ಮಾತ್ರ ಹುಲ್ಲಿನ ಬುಡವನ್ನು ಬಗ್ಗಿ ನೋಡಿದಳು. ಕಾಂಡಗಳ ಮೇಲೆ ಅವಳ ಎದೆಯಷ್ಟು ಎತ್ತರಕ್ಕೆ ಒಣಗಿದ ಕೆಸರು ಅಂಟಿತ್ತು.

"ರೀ, ಒಂದು ಮಳೆ ಬಂದರೆ ಇಲ್ಲಿ ನೀರು ಏರುತ್ತೆ. ಅದಕ್ಕೇ ಖಾಲಿ ಇದೆ. ನಡೀರಿ" ಎಂದಳು.

ಆ ಸಲ ಅವಳ ಅನುಮಾನ ಸರಿಯಾಗಿಯೇ ಇತ್ತು. ಅದರಿಂದ ಅವಳಿಗೆ ತನ್ನ ಅನುಮಾನದ ಮೇಲೆ ಇನ್ನಷ್ಟು ನಂಬಿಕೆ ಬಂತು.

ಆಮೇಲೆ ಅವರು ಹೊಂಗೆ ಮರದ ಕೆಳಗಿನ ಮುಳ್ಳುಪೊದೆಗಳ ಕಡೆ ಬಂದರು. ನೆಲ ಎತ್ತರವಾಗಿತ್ತು, ಒಣಗಿತ್ತು. ಪಕ್ಕದಲ್ಲೇ ಗೆದ್ದಲ ಹುತ್ತ, ತಿನ್ನಲು ಕೊರತೆಯಿಲ್ಲ. ಚಿತ್ತಾರಿಯ ಮುಖ ಅರಳುವಷ್ಟರಲ್ಲಿ ಮರದಿಂದ ಏಳು ಹಕ್ಕಿಗಳು ದಬದಬ ಇಳಿದವು. ಮಣ್ಣಿನ ಬಣ್ಣದ ಮೈ, ಬಿಳಿಗಣ್ಣು. ಇವರೇ ಹರಟೆಮಲ್ಲರು. ಎಲ್ಲಿ ಹೋದರೂ ಗುಂಪಾಗಿ ಹೋಗುವವರು, ಹೋದ ಕಡೆಯೆಲ್ಲ ಗದ್ದಲ ಮಾಡುವವರು. ಅವರಲ್ಲಿ ಹಿರಿಯಳು ಮಲ್ಲಜ್ಜಿ.

"ಎಲ್ಲಿಂದ ಬಂದ್ರಿ?" ಎಂದಳು ಒಬ್ಬಳು.

"ಮೊಟ್ಟೆ ಇಡ್ತೀಯಾ? ಎಷ್ಟು?" ಎಂದ ಇನ್ನೊಬ್ಬ.

"ಮೇಯೋಕೆ ಯಾವ ಹೊತ್ತಿಗೆ ಹೋಗ್ತೀಯಮ್ಮ? ಬೆಳಿಗ್ಗೆಯೋ, ಮಧ್ಯಾಹ್ನವೋ? ಎಷ್ಟು ಹೊತ್ತಿಗೆ ವಾಪಸ್ಸು ಬರ್ತೀಯಾ?" ಎಂದು ಮಲ್ಲಜ್ಜಿ ಒಂದೇ ಉಸಿರಿನಲ್ಲಿ ಕೇಳಿದಳು.

ಬೂದ ನಗುನಗುತ್ತ ಉತ್ತರ ಹೇಳಲು ಬಾಯಿ ತೆರೆದ. ಚಿತ್ತಾರಿ ಅವನ ಕಾಲು ತುಳಿದಳು.

"ಇನ್ನೂ ಏನೂ ಗೊತ್ತಾಗಿಲ್ಲಜ್ಜಿ. ಸುಮ್ಮನೆ ನೋಡೋಣ ಅಂತ ಬಂದ್ವಿ" ಎಂದು ಗಂಡನನ್ನು ಎಳೆದುಕೊಂಡೇ ಹೊರಟಳು. ಸ್ವಲ್ಪ ದೂರ ಹೋದ ಮೇಲೆ, "ನೋಡಿದ್ರಾ? ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಯಾವುದು ಅಂತ ಕೇಳ್ತಾರೆ. ಅದು ಯಾತಕ್ಕೆ ಬೇಕು ಅವರಿಗೆ?" ಎಂದಳು.

"ಮಾತುಗಾರರು, ಕೇಳಿದರು ಅಷ್ಟೆ. ನನಗೇನೋ ಒಳ್ಳೆಯವರ ಹಾಗೆ ಕಂಡರು."

"ನಿಮಗೆ ಎಲ್ಲರೂ ಒಳ್ಳೆಯವರೇ."

ಈ ಮಾತು ನಡೆಯುತ್ತಿರುವಾಗ ಬೇಲಿಯ ಮರೆಯಿಂದ ಗಂಭೀರವಾದ ದನಿಯೊಂದು ಕೇಳಿತು. "ನೀನು ಹೇಳಿದ್ದು ಸರಿ ತಂಗಿ."

ಅಲ್ಲಿ ಕೆಂಬೂತವೊಂದು ನಿಂತಿತ್ತು. ಕಪ್ಪು ಮೈ, ಕೆಂಪು ರೆಕ್ಕೆ, ಕೆಂಡದಂಥ ಕಣ್ಣು. ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ದೊಡ್ಡ ಮನುಷ್ಯರ ಹಾಗೆ ನಡೆಯುತ್ತಿತ್ತು. ಅದರ ಹೆಸರು ಕೆಂಪರಾಯ.

"ಈ ಪಟ್ಟಣದಲ್ಲಿ ಯಾರನ್ನೂ ನಂಬಬೇಡ" ಎಂದ ಕೆಂಪರಾಯ. "ಆ ಹರಟೆಮಲ್ಲರು ಕೇಳಿದ್ದನ್ನೆಲ್ಲ ಊರಿಗೆ ಹಂಚುತ್ತಾರೆ. ಅಳಿಲು ಕಳ್ಳ. ಆಮೆ ಮಾತಾಡೋದಿಲ್ಲ, ಆದರೆ ಎಲ್ಲವನ್ನೂ ನೋಡ್ತಿರುತ್ತೆ. ನಾನೂ ಅಷ್ಟೆ, ನನ್ನನ್ನೂ ನಂಬು ಅಂತ ಹೇಳೋದಿಲ್ಲ. ಒಂದು ಸದ್ದಿಲ್ಲದ ಪೊದೆ ಗೊತ್ತು. ಇಷ್ಟವಿದ್ದರೆ ತೋರಿಸ್ತೀನಿ, ಇಲ್ಲದಿದ್ದರೆ ನನ್ನ ಪಾಡಿಗೆ ನಾನು."

ಚಿತ್ತಾರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಈತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ. "ನಮ್ಮಂಥವನೇ" ಎನಿಸಿತು ಅವಳಿಗೆ.

ಪೊದೆ ಕೆರೆಯ ಹಿಂಬದಿಯಲ್ಲಿತ್ತು. ದಟ್ಟವಾದ ಲಂಟಾನ, ಒಳಗೆ ತಂಪು ನೆರಳು. ಸುತ್ತಮುತ್ತ ಒಂದು ಚಿಲಿಪಿಲಿಯೂ ಇಲ್ಲ. ಚಿತ್ತಾರಿ ನೆಲ ಕೆದರಿದಾಗ ಎಲೆಯಡಿಯಿಂದ ಮೊಟ್ಟೆಯ ಚಿಪ್ಪಿನ ಒಂದು ಚೂರು ಹೊರಬಂತು.

"ಇದೇನಣ್ಣಾ?"

"ಓ ಅದಾ? ಹಿಂದೆ ಇಲ್ಲೊಂದು ಹಾವಿತ್ತು. ಅದರ ಕಾಟಕ್ಕೆ ಎಲ್ಲರೂ ಬಿಟ್ಟುಹೋದರು. ಹಾವನ್ನು ನಾನೇ ಹೊಡೆದು ತಿಂದೆ. ಈಗ ನೆಮ್ಮದಿ."

ಚಿಪ್ಪಿನ ಚೂರು ಹಳೆಯದರ ಹಾಗೆ ಕಾಣಲಿಲ್ಲ. ಚಿತ್ತಾರಿ ಒಂದು ಕ್ಷಣ ಅದನ್ನೇ ನೋಡಿದಳು. ಆದರೆ ಅಷ್ಟೊಂದು ನಿಶ್ಶಬ್ದ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಚೂರನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು.

ಬೂದ ಮಾತ್ರ ಕೇಳಿದ, "ಇಲ್ಲಿ ಕೂಗಿದರೆ ಯಾರಿಗೆ ಕೇಳಿಸುತ್ತೆ?"

"ಯಾರಿಗೂ ಕೇಳಿಸಬಾರದು, ಅದಕ್ಕೇ ಬಂದಿದ್ದು" ಎಂದಳು ಚಿತ್ತಾರಿ.

ಒಂದೊಂದಾಗಿ ಆರು ಮೊಟ್ಟೆಗಳಾದವು. ನಸುಹಳದಿ ಬಣ್ಣದ, ನುಣ್ಣನೆಯ ಮೊಟ್ಟೆಗಳು. ಒಂದು ದಿನ ಕೆಂಪರಾಯ ಮೆಲ್ಲಗೆ ಹೇಳಿದ, "ತಂಗಿ, ಹೇಳಬಾರದು, ಆದರೂ ಹೇಳ್ತೀನಿ. ನಿನ್ನ ಯಜಮಾನರು ಹರಟೆಮಲ್ಲರ ಜೊತೆ ಹರಟುತ್ತಾ ಇದ್ದರು. ನಿನ್ನ ಮನೆಯ ಸುದ್ದಿ ಏಳು ಬಾಯಿಗೆ ಬಿದ್ದಿದೆ. ಯಜಮಾನರು ಇಲ್ಲೇ ಅಡ್ಡಾಡುತ್ತಿದ್ದರೆ ಎಲ್ಲರ ಕಣ್ಣೂ ಈ ಪೊದೆಯ ಮೇಲೆ ಬೀಳುತ್ತೆ. ಸ್ವಲ್ಪ ದಿನ ದೂರವೇ ಇರಲಿ. ಮಧ್ಯಾಹ್ನ ನೀನು ಮೇಯಲು ಹೋದಾಗ ನಾನು ನೋಡಿಕೊಳ್ತೀನಿ."

ಚಿತ್ತಾರಿ ಅವತ್ತೇ ಗಂಡನ ಜೊತೆ ಜಗಳವಾಡಿದಳು. "ನಿಮ್ಮ ಬಾಯಿ ಒಂದು ಕಡೆ ನಿಲ್ಲೋದಿಲ್ಲ. ಮರಿಗಳು ಹೊರಬರುವ ತನಕ ಈ ಕಡೆ ಬರಬೇಡಿ!" ಬೂದ ಅವಳ ಮುಖ ನೋಡಿದ. ತಲೆ ತಗ್ಗಿಸಿಕೊಂಡು ಹೊರಟುಹೋದ.

ಮರುದಿನ ಮೇಯಲು ಹೋಗಿ ಬಂದಾಗ ಮೊಟ್ಟೆಗಳು ಐದೇ ಇದ್ದವು.

"ಅಯ್ಯೋ! ಅಣ್ಣಾ, ಒಂದು ಕಾಣ್ತಿಲ್ಲ!"

"ನಾನು ಆ ತುದಿಯಲ್ಲಿ ಕಾಯ್ತಿದ್ದೆ. ಈ ತುದಿಯಲ್ಲಿ ಮಣ್ಣಿನ ಬಣ್ಣದ್ದೇನೋ ಹಾರಿದ ಹಾಗಾಯ್ತು" ಎಂದು ಕೆಂಪರಾಯ ನಿಟ್ಟುಸಿರುಬಿಟ್ಟ.

ಎರಡನೆಯ ದಿನ ನಾಲ್ಕಾದವು. ಮೂರನೆಯ ದಿನ ಮೂರಾದವು. ಚಿತ್ತಾರಿಗೆ ಊಟ ಸೇರಲಿಲ್ಲ. ಸಿಟ್ಟಿನಿಂದ ನೇರವಾಗಿ ಹೊಂಗೆ ಮರದ ಹತ್ತಿರ ಓಡಿದಳು.

"ನನ್ನ ಮೊಟ್ಟೆ ಕದ್ದವರು ಯಾರು? ಹೊರಗೆ ಬನ್ನಿ!"

ಏಳೂ ಹಕ್ಕಿಗಳ ಬಾಯಿ ಒಮ್ಮೆಲೇ ನಿಂತಿತು. ಮಲ್ಲಜ್ಜಿ ಮುಂದೆ ಬಂದಳು. "ನಿನ್ನ ಮನೆ ಎಲ್ಲಿದೆ ಅಂತಲೇ ನಮಗೆ ಗೊತ್ತಿಲ್ಲವಲ್ಲಮ್ಮ."

"ನನ್ನ ಗಂಡ ಹೇಳಿರುತ್ತಾರೆ!"

"ನಿನ್ನ ಗಂಡ ಮೂರು ದಿನದಿಂದ ಆ ಕಲ್ಲಿನ ಮೇಲೆ ಕೂತಿದ್ದಾನೆ. ಮನೆ ಎಲ್ಲಿ ಅಂತ ನಾವು ಎಷ್ಟು ಕೇಳಿದರೂ ಹೇಳಲಿಲ್ಲ. 'ಅವಳಿಗೆ ಇಷ್ಟವಿಲ್ಲ' ಅಂತಾನೆ. ಹೊಟ್ಟೆಗೂ ಸರಿಯಾಗಿ ತಿಂದಿಲ್ಲ" ಎಂದಳು ಮಲ್ಲಜ್ಜಿ. ಆಮೇಲೆ ದನಿ ತಗ್ಗಿಸಿ ಕೇಳಿದಳು, "ನಿನ್ನ ಮನೆಯ ದಾರಿ, ನೀನು ಇಲ್ಲದ ಹೊತ್ತು, ಇವೆರಡೂ ಗೊತ್ತಿರೋದು ಯಾರಿಗೆ?"

ಚಿತ್ತಾರಿ ಕಲ್ಲಿನ ಮೇಲಿದ್ದ ಬೂದನ ಕಡೆ ನೋಡಲಿಲ್ಲ. ಗಿರ್ರನೆ ತಿರುಗಿ ಬಂದುಬಿಟ್ಟಳು. ಆದರೆ ದಾರಿಯುದ್ದಕ್ಕೂ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಎಣಿಸಿ ನೋಡಿದರೆ ಉತ್ತರವಾಗಿ ಉಳಿಯುತ್ತಿದ್ದದ್ದು ಒಂದೇ ಹೆಸರು.

ಮರುದಿನ ಮಧ್ಯಾಹ್ನ ಅವಳು ಎಂದಿನಂತೆ ಮೊಟ್ಟೆಗಳ ಮೇಲೆ ಎಲೆ ಹೊದಿಸಿದಳು. "ಅಣ್ಣಾ, ಇವತ್ತು ಸ್ವಲ್ಪ ದೂರ ಹೋಗ್ತಾ ಇದ್ದೀನಿ. ತಡವಾಗುತ್ತೆ" ಎಂದಳು.

"ನಿಧಾನವಾಗಿ ಬಾ ತಂಗಿ, ನಾನಿದ್ದೀನಲ್ಲ."

ಚಿತ್ತಾರಿ ನಾಲ್ಕು ಮಾರು ಹೋಗಿ, ಸುತ್ತು ಹಾಕಿ, ಒಣಹುಲ್ಲಿನಲ್ಲಿ ಮೈ ಅಂಟಿಸಿ ಕೂತಳು. ಅವಳ ಮೈಬಣ್ಣವೂ ಹುಲ್ಲಿನ ಬಣ್ಣವೂ ಒಂದಾಯಿತು. "ದೇವರೇ, ಬೇರೆ ಯಾರಾದರೂ ಆಗಿರಲಿ" ಎಂದುಕೊಂಡಳು.

ಕೆಂಪರಾಯ ಕೊಂಬೆಯಿಂದ ಇಳಿದ. ಅತ್ತ ನೋಡಿದ, ಇತ್ತ ನೋಡಿದ. ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬಂದು, ಕೊಕ್ಕಿನಿಂದ ಒಂದೊಂದೇ ಎಲೆ ಸರಿಸಿದ.

ಚಿತ್ತಾರಿ ಹುಲ್ಲಿನಿಂದ ಚಿಮ್ಮಿ ಅವನ ಮುಂದೆ ನಿಂತಳು. "ನೀನಾ!"

ಕೆಂಪರಾಯ ಬೆಚ್ಚಿಬಿದ್ದ. ಆದರೆ ಒಂದೇ ಗಳಿಗೆ. ಆಮೇಲೆ ಅವನ ದನಿಯಲ್ಲಿದ್ದ ಮೆದುತನವೆಲ್ಲ ಹೊರಟುಹೋಯಿತು. "ಹೌದು, ನಾನೇ. ಏನು ಮಾಡ್ತೀಯಾ? ಕೂಗು. ಇಲ್ಲಿ ಯಾರಿದ್ದಾರೆ ನಿನಗೆ?"

ಅವನು ಅವಳಿಗಿಂತ ದೊಡ್ಡವನು. ಚಿತ್ತಾರಿ ರೆಕ್ಕೆ ಹರಡಿ ಮೊಟ್ಟೆಗಳ ಮೇಲೆ ಬಿದ್ದುಕೊಂಡಳು. ಅವನು ಕುಕ್ಕಿದ ಕಡೆ ಗರಿ ಕಿತ್ತುಬಂತು. ಅವಳು ಗಂಟಲು ಹರಿಯುವಂತೆ ಕೂಗಿದಳು.

ಆಗ ಪೊದೆಯ ಹೊರಗಿನಿಂದ ಬೂದನ ದನಿ ಕೇಳಿತು. "ಇಲ್ಲೇ! ಇಲ್ಲೇ!" ಹಿಂದಿನ ದಿನ ಹೆಂಡತಿಯ ಮುಖ ನೋಡಿದಾಗಿನಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗಿರಲಿಲ್ಲ. ಬೈದರೆ ಬೈಯಲಿ ಎಂದು ಮಲ್ಲಜ್ಜಿಯ ಬಳಗವನ್ನು ಕರೆದುಕೊಂಡು ಆ ಕಡೆಗೇ ಬರುತ್ತಿದ್ದ.

ಏಳು ಹರಟೆಮಲ್ಲರು ಒಟ್ಟಿಗೆ ನುಗ್ಗಿದರು. ಒಬ್ಬ ಬಾಲ ಹಿಡಿದ, ಒಬ್ಬಳು ತಲೆಗೆ ಕುಕ್ಕಿದಳು, ಉಳಿದವರು ಸುತ್ತುಗಟ್ಟಿ ಕಿರುಚಿದರು. ಆ ಗದ್ದಲಕ್ಕೆ ಅಳಿಲುಗಳೂ ಮೈನಾಗಳೂ ಓಡಿಬಂದವು. ಕೆಂಪರಾಯ ಮುಳ್ಳಿನಲ್ಲಿ ನುಸುಳಿ, ಅರ್ಧ ಬಾಲವನ್ನು ಅಲ್ಲೇ ಬಿಟ್ಟು ಓಡಿದ.

ಚಿತ್ತಾರಿ ಮೆಲ್ಲನೆ ಎದ್ದು ನೋಡಿದಳು. ಮೂರು ಮೊಟ್ಟೆಗಳೂ ಬೆಚ್ಚಗಿದ್ದವು.

"ಅಜ್ಜಿ, ನಾನು ನಿಮ್ಮನ್ನು ಕಳ್ಳರು ಅಂದೆ" ಎಂದಳು, ತಲೆಯೆತ್ತದೆ.

"ಅಂದೆ, ಹೌದು. ನಮಗೂ ಬೇಜಾರಾಯ್ತು" ಎಂದಳು ಮಲ್ಲಜ್ಜಿ. "ನಾವು ಬಾಯಿಬಡುಕರು, ಅದೂ ನಿಜ. ಆದರೆ ಮೇಯೋಕೆ ಯಾವ ಹೊತ್ತಿಗೆ ಹೋಗ್ತೀಯಾ ಅಂತ ಕೇಳಿದ್ದು ಯಾಕೆ ಗೊತ್ತಾ? ಆ ಹೊತ್ತಿಗೆ ನಮ್ಮಲ್ಲಿ ಒಬ್ಬರು ಕಾವಲು ಕೂರೋಣ ಅಂತ. ಇಲ್ಲಿ ಮೊಟ್ಟೆಗಳು ಮಾಯವಾಗ್ತಾ ಇದ್ದವು, ಕಳ್ಳ ಯಾರು ಅಂತ ಮಾತ್ರ ಗೊತ್ತಿರಲಿಲ್ಲ. ಇವನು ಹೀಗೆ ಎಷ್ಟು ಮನೆ ಹಾಳು ಮಾಡಿದ್ದಾನೋ! ಕಾವಲಿನ ಮಾತು ಹೇಳೋ ಮೊದಲೇ ನೀನು ಹೊರಟುಬಿಟ್ಟೆ."

ಮೊಟ್ಟೆಗಳನ್ನು ಹೊಂಗೆ ಮರದ ಕೆಳಗೆ ಒಯ್ಯುವ ಹಾಗಿರಲಿಲ್ಲ. ಆದ್ದರಿಂದ ಹರಟೆಮಲ್ಲರೇ ಲಂಟಾನ ಪೊದೆಗೆ ಬಂದು ಬಿಡಾರ ಹೂಡಿದರು. ಹದಿನೈದು ದಿನ ಚಿತ್ತಾರಿಗೆ ಒಂದು ಗಳಿಗೆಯೂ ಮೌನ ಸಿಗಲಿಲ್ಲ. ಬೂದ ಪೊದೆಯ ಬಾಯಲ್ಲಿ ನಿಂತು ಕಾದ. ಹದಿನಾರನೆಯ ದಿನ ಮೂರು ಮರಿಗಳು ಚಿಪ್ಪೊಡೆದು ಬಂದವು. ಅವು ತಂದೆಯ ಹಾಗಿವೆಯೋ ತಾಯಿಯ ಹಾಗಿವೆಯೋ ಎಂದು ಏಳು ಹಕ್ಕಿಗಳು ಸಂಜೆಯವರೆಗೂ ಜಗಳವಾಡಿದವು. ಕಳೆದುಹೋದ ಮೂರನ್ನು ನೆನೆದು ಚಿತ್ತಾರಿಯ ಕಣ್ಣು ತುಂಬಿತು. ಬೂದ ಅವಳ ಪಕ್ಕಕ್ಕೆ ಒತ್ತಿ ಕೂತ.

ಕೆಂಪರಾಯ? ಅವನು ಯಾವ ಬೇಲಿಗೆ ಹೋದರೂ ಅವನಿಗಿಂತ ಮೊದಲೇ ಸುದ್ದಿ ಅಲ್ಲಿಗೆ ಹೋಗಿರುತ್ತಿತ್ತು. ಯಾರೂ ಅವನನ್ನು ಹತ್ತಿರ ಸೇರಿಸಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಅವನು ಹಿರಿಕೆರೆಯನ್ನು ಬಿಟ್ಟುಹೋದ.

ನೀತಿ: ಹೊಸ ಊರಿನಲ್ಲಿ ಎಚ್ಚರ ಬೇಕು ನಿಜ, ಆದರೆ ನೆರೆಯವರನ್ನೆಲ್ಲ ದೂರಿ ನಮ್ಮನ್ನು ಒಂಟಿ ಮಾಡಲು ನೋಡುವವನ ಮೇಲೆಯೇ ಎಲ್ಲಕ್ಕಿಂತ ಹೆಚ್ಚು ಎಚ್ಚರವಿರಬೇಕು.